ಹಿನ್ನೀರಿನ ದೋಣಿಗೆ 55 ಪೌಂಡ್ ಮೋಟರ್: ಎರಡು ವರ್ಷ ಬಳಸಿದ ಮೇಲೆ

ತುಂಗಭದ್ರಾ ಹಿನ್ನೀರಿನಲ್ಲಿ, ಕೊಪ್ಪಳದ ಕಡೆ, ನಮ್ಮ ಸೋದರಮಾವ ಬಲೆ ಬಿಡುತ್ತಾರೆ. ರಜೆ ಇದ್ದಾಗ ನಾನೂ ಜೊತೆಗೆ ಹೋಗುತ್ತೇನೆ. ಹುಟ್ಟು ಹಾಕಿ ಹಾಕಿ ಅವರ ಭುಜ ಹಿಡಿದುಕೊಂಡಿತು. ಅದಕ್ಕೇ ಹತ್ತಡಿಯ ಫೈಬರ್ ದೋಣಿಗೆ 2023ರ ಕೊನೆಯಲ್ಲಿ 12 ವೋಲ್ಟ್ ಬ್ಯಾಟರಿ ಮೋಟರ್ ತಂದೆ. "ಇದೇನಪಾ, ಮಿಕ್ಸರ್ ಇದ್ದಂಗ ಐತಿ" ಅಂದರು ಮಾವ.

ಇದು ದೋಣಿಯನ್ನು ತಳ್ಳುವ ಬಲವನ್ನು ಪೌಂಡ್‌ನಲ್ಲಿ ಹೇಳುತ್ತಾರೆ. ದೋಣಿ, ಜನ, ಬ್ಯಾಟರಿ ಎಲ್ಲ ಸೇರಿ ಪ್ರತಿ 45 ಕೆಜಿಗೆ 2 ಪೌಂಡ್ ಬೇಕು ಅನ್ನೋದು ರೂಢಿಯ ಲೆಕ್ಕ. ನಮ್ಮದು 300 ಕೆಜಿ, ಹಾಗಾದರೆ 14 ಪೌಂಡ್ ಸಾಕು. ಆದರೆ ಅದು ನಿಂತ ನೀರಿನ ಲೆಕ್ಕ. ಆಷಾಢದ ಗಾಳಿ ಎದುರಾದರೆ 55 ಪೌಂಡಿನದ್ದೂ ಏದುಸಿರು ಬಿಡುತ್ತದೆ. ಪೌಂಡ್ ಜಾಸ್ತಿ ಆದರೆ ದೋಣಿ ಓಡುತ್ತದೆ ಅಂದುಕೊಳ್ಳಬೇಡಿ. ದಂಡೆಯಲ್ಲಿ ಬಿರುಸಾಗಿ ನಡೆಯುವವನಿಗಿಂತ ತುಸು ಮುಂದೆ, ಅಷ್ಟೇ.

ನಿಜವಾದ ಖರ್ಚು ಬ್ಯಾಟರಿಯದ್ದು. ಮೊದಲು ಮನೆಯ ಇನ್ವರ್ಟರ್ ಬ್ಯಾಟರಿಯನ್ನೇ ಹೊತ್ತು ತಂದೆ. 50 ಕೆಜಿಗೂ ಮೇಲೆ ಭಾರ! ದೋಣಿಯ ಹಿಂಭಾಗ ಕುಸಿಯಿತು, ಆಸಿಡ್ ಚೆಲ್ಲಿತು, ಅವತ್ತೇ ಮನೇಲಿ ಕರೆಂಟೂ ಹೋಯಿತು. ಮುಂದಿನದ್ದು ಹೇಳೋದು ಬೇಡ. ಆಮೇಲೆ 100 ಆಂಪಿಯರ್ ಅವರ್‌ನ ಲಿಥಿಯಂ ತಗೊಂಡೆ. 12 ಕೆಜಿ, ಒಂದು ಕೈಯಲ್ಲಿ ಎತ್ತಬಹುದು. ಮೋಟರ್‌ಗಿಂತ ಅದಕ್ಕೇ ಜಾಸ್ತಿ ದುಡ್ಡು ಹೋಯಿತು. ಫುಲ್ ಸ್ಪೀಡಿಗೆ ಮೋಟರ್ ಸುಮಾರು 50 ಆಂಪಿಯರ್ ಎಳೆಯುತ್ತದೆ, ಎರಡು ತಾಸಿನೊಳಗೆ ಖಾಲಿ. ಮೂರನೇ ಸ್ಪೀಡಿನಲ್ಲಿ ನಿಧಾನ ಹೋದರೆ ಬೆಳಗಿನ ಕೆಲಸ ಮುಗಿದು ಇನ್ನೂ ಉಳಿದಿರುತ್ತದೆ. ನಮ್ಮದು ಐದು ಸ್ಪೀಡಿನ ಮಾಡೆಲ್. ಕಡಿಮೆ ಸ್ಪೀಡಿನಲ್ಲೂ ಒಂದಿಷ್ಟು ಕರೆಂಟ್ ಸುಮ್ನೆ ಬಿಸಿಯಾಗಿ ಹೋಗುತ್ತದೆ. ಈಗ ಕೊಳ್ಳುವುದಾದರೆ ಫ್ಯಾನ್ ರೆಗ್ಯುಲೇಟರ್ ಥರ ಸ್ಪೀಡನ್ನು ಬೇಕಾದಷ್ಟೇ ತಿರುಗಿಸುವ ಮಾಡೆಲ್ಲೇ ಕೊಳ್ಳುತ್ತೇನೆ.

ಆರನೇ ತಿಂಗಳಲ್ಲಿ ಒಂದು ದಿನ ಮೋಟರ್ ಗುಂಯ್‌ಗುಡತೊಡಗಿತು. ನೀರಿನಲ್ಲಿ ತಿರುಗಿ ದೋಣಿ ತಳ್ಳುವ ಫ್ಯಾನಿನ ನಟ್ ಬಿಚ್ಚಿದರೆ, ಹಿಂದೆ ಶಾಫ್ಟಿಗೆ ಬಲೆಯ ನೈಲಾನ್ ದಾರ ಕೂದಲಿನ ಹಾಗೆ ಬಿಗಿಯಾಗಿ ಸುತ್ತಿಕೊಂಡು, ಅರ್ಧ ಕರಗಿ ಸೀಲ್‌ಗೆ ಅಂಟಿತ್ತು. ಹಾಗೇ ಬಿಟ್ಟಿದ್ದರೆ ನೀರು ಒಳಗೆ ಹೋಗುತ್ತಿತ್ತು. ಈಗ ಪ್ರತಿ ಭಾನುವಾರ ಬಿಚ್ಚಿ ನೋಡುತ್ತೇನೆ, ಐದು ನಿಮಿಷದ ಕೆಲಸ.

2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋಗಿ ನೀರು ಇಳಿಯಿತಲ್ಲ, ಆಗ ಮುಳುಗಿದ್ದ ಜಾಲಿ ಬೊಡ್ಡೆಗೆ ಫ್ಯಾನ್ ಬಡಿದು, ಅದನ್ನು ಶಾಫ್ಟಿಗೆ ಹಿಡಿದಿಡುವ ಪಿನ್ ಮುರಿಯಿತು. ಹುಟ್ಟು ಇದ್ದದ್ದಕ್ಕೆ ದಡ ಸೇರಿದೆವು. ಮಾರಿದ ಅಂಗಡಿಯವನು ಪಿನ್ ಕಳಿಸಲು ಒಂದೂವರೆ ತಿಂಗಳು ಸತಾಯಿಸಿದ. "ಮೊಳೆ ಕತ್ತರಿಸಿ ಹಾಕೋಣು" ಅಂದರು ಮಾವ. ನಾನು ಒಪ್ಪಲಿಲ್ಲ. ಆ ಪಿನ್ ಇರುವುದೇ ಮುರಿಯಲಿಕ್ಕೆ. ಅದು ಮುರಿಯದಿದ್ದರೆ ಶಾಫ್ಟ್ ಬಾಗುತ್ತದೆ. ಮೋಟರ್ ಕೊಳ್ಳುವಾಗಲೇ ನಾಲ್ಕು ಪಿನ್ ಕೇಳಿ ತಗೊಳ್ಳಿ.