ಫ್ಯೂರಾ-2 ಎಎಂ: ಮಂಗಳೂರಿನ ಮೂರು ಮಳೆಗಾಲ ಕಳೆದ ಮೇಲೆ

ಫ್ಯೂರಾ-2 ಎಎಂ ಅಂದರೆ ಜೀವಕೋಶದೊಳಗಿನ ಕ್ಯಾಲ್ಸಿಯಂ ಎಷ್ಟಿದೆ ಅಂತ ಹೊಳೆದು ತೋರಿಸುವ ಡೈ. ಮೊದಲ ಮಳೆಗಾಲದಲ್ಲಿ ಇದರ ಮೇಲೆ ನನಗೆ ವಿಪರೀತ ಸಿಟ್ಟು ಬಂದಿತ್ತು. ದುಡ್ಡು ಉಳಿಯುತ್ತದೆ ಅಂತ 1 ಮಿಲಿಗ್ರಾಂ ಬಾಟಲಿ ತರಿಸಿದ್ದೆ. ಜುಲೈ ಹೊತ್ತಿಗೆ, ಇಲಿಯ ಪಾದದಿಂದ ಬಿಡಿಸಿದ ಸ್ನಾಯು ನಾರುಗಳು ಕಪ್ಪಗೇ ಉಳಿದವು. ಸುತ್ತಲಿನ ದ್ರಾವಣ ಮಾತ್ರ ಹೊಳೆಯುತ್ತಿತ್ತು. ನಾರು ಬಿಡಿಸುವ ಕಿಣ್ವ ಕೊಲಾಜಿನೇಸ್ ಸರಿಯಿಲ್ಲ ಅಂದುಕೊಂಡೆ. ಸೂಕ್ಷ್ಮದರ್ಶಕದ ಲ್ಯಾಂಪ್ ಹಳೆಯದಾಯಿತು ಅಂದುಕೊಂಡೆ. ಮೂರು ವಾರದ ಕೆಲಸ, ಅಷ್ಟು ಇಲಿಗಳು, ಎಲ್ಲ ಸುಮ್ನೆ ಹೋಯಿತು. ಅದು ಈಗಲೂ ಚುಚ್ಚುತ್ತದೆ.

ಕಾರಣ ತೇವ. ಮೈನಸ್ 20 ಡಿಗ್ರಿಯಿಂದ ತೆಗೆದ ಬಾಟಲಿಯನ್ನು ನಮ್ಮೂರ ಮಳೆಗಾಲದ ಗಾಳಿಯಲ್ಲಿ ಹಾಗೇ ತೆರೆದರೆ ಒಳಗೆ ನೀರು ಕೂರುತ್ತದೆ. ಡೈ ಕರಗಿಸುವ ದ್ರಾವಕ ಡಿಎಂಎಸ್‌ಒ ಕೂಡ ತೇವ ಹೀರುತ್ತದೆ. ನೀರು ತಾಗಿದರೆ ಎಎಂ ಅನ್ನುವ ಎಸ್ಟರ್ ಬಾಲ ನಿಧಾನಕ್ಕೆ ಕಳಚುತ್ತದೆ. ಆ ಬಾಲ ಇದ್ದರಷ್ಟೇ ಡೈ ಪೊರೆ ದಾಟಿ ನಾರಿನೊಳಗೆ ಹೋಗುವುದು. ಒಳಗೆ ಹೋದ ಮೇಲೆ ಕಳಚಬೇಕಾದ್ದು ಬಾಟಲಿಯಲ್ಲೇ ಕಳಚಿದರೆ ಏನು ಬಂತು? ಜೊತೆಗೆ ಬಂದ ಚೀಟಿಯಲ್ಲಿ ‘ಒಣ ಜಾಗದಲ್ಲಿಡಿ’ ಅಂತ ಒಂದೇ ಸಾಲು. ಕರಾವಳಿಗೆ ಅದು ಸಾಲದು.

ಈಗ 50 ಮೈಕ್ರೋಗ್ರಾಂನ ಪುಟ್ಟ ವಯಲ್‌ಗಳನ್ನೇ ತರಿಸುತ್ತೇನೆ. ತೂಕದ ಲೆಕ್ಕದಲ್ಲಿ ದುಬಾರಿ, ಆದರೆ ದಿನಕ್ಕೊಂದು ತೆರೆದು ಮುಗಿಸಬಹುದು. ಬೆಳಿಗ್ಗೆ ಬಂದ ಕೂಡಲೇ ವಯಲನ್ನು ತೆರೆಯದೆ ಡೆಸಿಕೇಟರ್‌ನಲ್ಲಿ, ಅಂದರೆ ಒಳಗಿನ ಗಾಳಿಯನ್ನು ಒಣಗಿಸಿಡುವ ಮುಚ್ಚಿದ ಪಾತ್ರೆಯಲ್ಲಿ, ಇಡುತ್ತೇನೆ. ಅದರೊಳಗಿನ ತೇವ ಹೀರುವ ಸಿಲಿಕಾ ಜೆಲ್ ನೀಲಿ ಇದೆಯಾ ನೋಡುತ್ತೇನೆ. ಆಟಿಯಲ್ಲಿ, ಅಂದರೆ ತುಳುನಾಡಿನ ಜಡಿಮಳೆಯ ತಿಂಗಳಲ್ಲಿ, ತೇವ ತುಂಬಿ ಅದು ಗುಲಾಬಿಗೆ ತಿರುಗಲು ಜಾಸ್ತಿ ದಿನ ಬೇಡ. ಓವನ್‌ನಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ. ಅರ್ಧ ಗಂಟೆ ಕಳೆದು, ವಯಲ್ ಬೆರಳಿಗೆ ತಣ್ಣಗೆ ತಾಗದಿದ್ದರೆ ಮಾತ್ರ ಮುಚ್ಚಳ ತೆಗೆಯುವುದು. ಅಷ್ಟರಲ್ಲಿ ಒಂದು ಚಾ ಆಗಿರುತ್ತದೆ.

ಇಷ್ಟು ಮಾಡಿದರೆ ಇದು ಚಿನ್ನದಂಥ ಡೈ. ನಾರಿನ ಮೇಲೆ 340 ಮತ್ತು 380 ನ್ಯಾನೋಮೀಟರ್ ತರಂಗಾಂತರದ ಬೆಳಕು ಒಂದಾದ ಮೇಲೊಂದು ಬೀಳುತ್ತದೆ. ಕ್ಯಾಲ್ಸಿಯಂ ಏರಿದರೆ ಮೊದಲನೆಯದರ ಹೊಳಪು ಏರುತ್ತದೆ, ಎರಡನೆಯದರದ್ದು ಇಳಿಯುತ್ತದೆ. ನೋಡುವುದು ಇವೆರಡರ ಅನುಪಾತ. ಹಾಗಾಗಿ ನಾರು ದಪ್ಪವಿದ್ದರೂ, ಡೈ ಕಡಿಮೆ ತುಂಬಿದ್ದರೂ ಲೆಕ್ಕ ಅಷ್ಟಾಗಿ ಕೆಡುವುದಿಲ್ಲ. ವಿಜ್ಞಾನಿ ರೋಜರ್ ಚೆನ್ ಮತ್ತು ಜೊತೆಗಾರರು 1985ರಲ್ಲಿ ಪ್ರಕಟಿಸಿದ ಈ ಡೈಯನ್ನು ಜನ ಇನ್ನೂ ಕೈಬಿಟ್ಟಿಲ್ಲ ಅಂದರೆ ಸುಮ್ನೆ ಅಲ್ಲ, ಅಲ್ವಾ?

ಒಂದು ಕೊರತೆ ಹೇಳಲೇಬೇಕು. ಇದು ಕ್ಯಾಲ್ಸಿಯಂ ಅನ್ನು ಬಿಗಿಯಾಗಿ ಹಿಡಿಯುತ್ತದೆ, ಬೇಗ ಬಿಡುವುದಿಲ್ಲ. ನಾರಿನ ಒಂದೇ ಮಿಡಿತದಲ್ಲಿ ಕ್ಯಾಲ್ಸಿಯಂ ಏರುವ ನಿಜವಾದ ವೇಗ, ಎತ್ತರ ಬೇಕಿದ್ದವರು ಮ್ಯಾಗ್-ಫ್ಲೂಒ-4 ಅನ್ನುವ ಇನ್ನೊಂದು ಡೈ ಕಡೆ ಹೋಗಿ. ನನಗೆ ಬೇಕಾದ್ದು ನಾರು ಸುಮ್ಮನಿದ್ದಾಗಿನ ಮಟ್ಟ, ನಿಧಾನದ ಏರಿಳಿತ. ಅದಕ್ಕೆ ಇದೇ ಸಾಕು.

ಹೋದ ವಾರ ಹೊರಗೆ ಜಡಿಮಳೆ. ಕತ್ತಲೆ ಕೋಣೆಯಲ್ಲಿ ನಾರಿಗೆ ವಿದ್ಯುತ್ ಮಿಡಿತಗಳ ಸಾಲು ಕೊಟ್ಟೆ. ಪರದೆಯಲ್ಲಿ ಕ್ಯಾಲ್ಸಿಯಂನ ಗೆರೆ ಸರ್ರನೆ ಮೇಲೆದ್ದು, ನಿಂತು, ಮೆಲ್ಲಗೆ ತನ್ನ ಜಾಗಕ್ಕೆ ಇಳಿಯಿತು. ಇನ್ನೊಂದು ಡಬ್ಬಿ ವಯಲ್‌ಗೆ ಅವತ್ತೇ ಆರ್ಡರ್ ಹಾಕಿದೆ.