ಓರೆ ಅಕ್ಷರದ ಮಾಸ್ಕೋ, ಮೀನುವಾಸನೆಯ ಬೇರಿಂಗ್ ಸಮುದ್ರ

ಸೋವಿಯತ್ ನಾಡಿನ ಮೂರು ಕೊಲೆ-ತನಿಖೆಯ ಕಾದಂಬರಿ ಓದಿದೆ. ಮುಂಬೈಯ ಫೋರ್ಟಿನ ಫುಟ್‌ಪಾತಿನಲ್ಲಿ 120 ರೂಪಾಯಿಗೆ ಸಿಕ್ಕಿದ ಹಳೆಯ ‘ಪೋಲಾರ್ ಸ್ಟಾರ್’ ಪುಸ್ತಕವೇ ಗೆದ್ದಿತು. 499 ಕೊಟ್ಟು ತಂದ ಹೊಸ ‘ಚೈಲ್ಡ್ 44’ ಈಗ ಕಪಾಟಿನ ಮೇಲೆ, ಮಳೆಗಾಲದ ಛತ್ರಿಗಳ ಪಕ್ಕದಲ್ಲಿದೆ.

ಹುದ್ದೆ, ಮರ್ಯಾದೆ ಎರಡನ್ನೂ ಕಳೆದುಕೊಂಡ ತನಿಖೆದಾರನೊಬ್ಬ ಕೊಲೆಗಾರನನ್ನು ಹುಡುಕಬೇಕು. ಹುಡುಕುವುದೇ ಸರ್ಕಾರದ ಕಣ್ಣಿಗೆ ಅಪರಾಧವಾಗಬೇಕು. ಇಂಥ ಕಥೆಗಳ ರುಚಿ ನನಗೆ ಹತ್ತಿದ್ದು ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲಿ. ಕಾರ್ಯಕ್ರಮ ಮುಗಿದ ಮೇಲೆ ನಮ್ಮೂರಿನ ಕಡೆಯ ಹಿರಿಯರೊಬ್ಬರು, "ಸ್ಟಾಲಿನ್ ಕಾಲದ್ದನ್ನು ಓದಿ ಮಾರಾಯರೇ, ರಾತ್ರಿ ನಿದ್ದೆ ಬರುವುದಿಲ್ಲ" ಎಂದರು. ಅವರ ಮಾತು ನಂಬಿ ಟಾಮ್ ರಾಬ್ ಸ್ಮಿತ್ ಬರೆದ ‘ಚೈಲ್ಡ್ 44’ ಕೊಂಡೆ. ಕೆಲವು ತಿಂಗಳ ಬಳಿಕ ಮಾರ್ಟಿನ್ ಕ್ರೂಜ್ ಸ್ಮಿತ್ ಅವರ ‘ಗೋರ್ಕಿ ಪಾರ್ಕ್’, ಅದರ ಮುಂದಿನ ಭಾಗ ‘ಪೋಲಾರ್ ಸ್ಟಾರ್’ ಕೈಸೇರಿದವು. ಇಬ್ಬರೂ ಸ್ಮಿತ್‌ಗಳೇ, ಆದರೆ ನೆಂಟರಲ್ಲ. ಇಬ್ಬರೂ ರಷ್ಯನ್ನರೂ ಅಲ್ಲ.

‘ಚೈಲ್ಡ್ 44’ ನಿದ್ದೆ ಕೆಡಿಸಿದ್ದು ನಿಜ, ಆದರೆ ಅದಕ್ಕೆ ಕಾರಣ ಬೇರೆ. ಅದರಲ್ಲಿ ಸಂಭಾಷಣೆಗಳೆಲ್ಲ ಓರೆ ಅಕ್ಷರದಲ್ಲಿವೆ. ಉದ್ಧರಣ ಚಿಹ್ನೆಯಿಲ್ಲ, ಸಾಲಿನ ಮೊದಲಿಗೆ ಒಂದು ಗೀಟು, ಆಮೇಲೆ ಗಾಳಿಗೆ ಬಾಗಿದ ಪೈರಿನಂತೆ ಅಕ್ಷರಗಳು. ನಾಲ್ಕು ಸಾಲಿಗಾದರೆ ಸೊಗಸು, ನಾಲ್ಕುನೂರು ಪುಟಕ್ಕೆ ಶಿಕ್ಷೆ. ನಾನು ಓದುವುದು ಡೊಂಬಿವಲಿಯಿಂದ ಸಿಎಸ್‌ಎಂಟಿ ನಿಲ್ದಾಣಕ್ಕೆ ಹೋಗುವ ಲೋಕಲ್ ರೈಲಿನಲ್ಲಿ, ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಪುಸ್ತಕ. ಠಾಣೆ ನಿಲ್ದಾಣದಲ್ಲಿ ಜನ ನುಗ್ಗಿದಾಗ ಕಣ್ಣು ಸಾಲು ತಪ್ಪುತ್ತದೆ. ಮತ್ತೆ ಪುಟಕ್ಕೆ ಮರಳಿದರೆ ಮಾತನಾಡುತ್ತಿರುವುದು ಲಿಯೊ ದೆಮಿದೋವನೋ ಅವನ ಹೆಂಡತಿ ರೈಸಾಳೋ ತಿಳಿಯುವುದಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನಂಬದ ದೃಶ್ಯ. ಯಾರ ಮಾತು ಯಾರದೆಂಬುದೇ ಅಲ್ಲಿನ ಜೀವಾಳ.

ಕನ್ನಡ ಓದಿ ಬೆಳೆದ ಕಣ್ಣಿಗೆ ಈ ಕಷ್ಟ ಇನ್ನೂ ಹೆಚ್ಚೇನೋ. ನಮ್ಮ ಲಿಪಿಯೇ ದುಂಡು. ಓರೆ ಅಕ್ಷರದ ಅಭ್ಯಾಸ ನಮಗೆಲ್ಲಿದೆ? ಹೊಸ ಕನ್ನಡಕದ ದೋಷವೆಂದು ಭಾವಿಸಿ ಅಂಗಡಿಗೂ ಹೋಗಿಬಂದೆ. ಮೊಬೈಲಿನಲ್ಲಿ ಓದಿದರೆ ಸರಿಹೋದೀತೆಂದು ಇ-ಪುಸ್ತಕ ಇಳಿಸಿಕೊಂಡೆ, ಅದಕ್ಕೆ ಮತ್ತೆ ಹಣ. ಅಕ್ಷರ ದೊಡ್ಡದಾಯಿತು, ಓರೆ ಹಾಗೆಯೇ ಉಳಿಯಿತು, ಅದೂ ದೊಡ್ಡದಾಗಿ. ಕೊನೆಗೆ ಒಂದು ಭಾನುವಾರ ಮನೆಯಲ್ಲೇ ಕಿಟಕಿಯ ಬಳಿ ಕುಳಿತು ಮುಗಿಸಿದೆ.

ಕಥೆಗೆ ಅನ್ಯಾಯ ಮಾಡಬಾರದು. ಮೊದಲ ಅಧ್ಯಾಯದಲ್ಲೇ 1933ರ ಉಕ್ರೇನಿನ ಕ್ಷಾಮ. ಬೆಕ್ಕೊಂದನ್ನು ಹಿಡಿಯಲು ಹೊರಟ ಇಬ್ಬರು ಹಸಿದ ಹುಡುಗರು. ಆ ಹದಿನೈದು ಪುಟಗಳಂಥದ್ದು ಉಳಿದ ಎರಡು ಪುಸ್ತಕಗಳಲ್ಲಿಲ್ಲ. ಅಲ್ಲಿಂದ 1953. ಸರ್ಕಾರದ ಪ್ರಕಾರ ಸಮಾಜವಾದಿ ನಾಡಿನಲ್ಲಿ ಕೊಲೆಗಡುಕ ಹುಟ್ಟುವುದೇ ಅಸಾಧ್ಯ, ಹಾಗಾಗಿ ಹಳಿಯ ಮೇಲೆ ಸಿಕ್ಕ ಮಗುವಿನ ಸಾವು ಅಪಘಾತವೇ. ಮನೆಯವರನ್ನು ಹಾಗೆಂದು ಒಪ್ಪಿಸಲು ಹೋಗುವವನೇ ಗುಪ್ತಪೊಲೀಸ್ ಅಧಿಕಾರಿ ಲಿಯೊ. ಮುಂದೆ ಹೆಂಡತಿಯ ವಿರುದ್ಧವೇ ಹೇಳಿಕೆ ಕೊಡಲು ಒಲ್ಲೆನೆಂದು ಅವನೂ ಕೆಳಗೆ ಬೀಳುತ್ತಾನೆ. ಇಷ್ಟರವರೆಗೆ ಉಸಿರು ಬಿಗಿಹಿಡಿದೇ ಓದಿದೆ. ಕೊನೆಯಲ್ಲಿ ಒಂದು ಕಾಕತಾಳೀಯ ಬರುತ್ತದೆ. ಅದನ್ನು ಬಿಚ್ಚಿ ಹೇಳುವುದಿಲ್ಲ, ಆದರೆ ಯಕ್ಷಗಾನದ ಪ್ರಸಂಗದಲ್ಲೂ ಇದನ್ನು ಒಪ್ಪಿಸುವುದು ಕಷ್ಟ.

ಇದರ ಹಿಂದಿರುವ ನಿಜ ಪ್ರಕರಣ ಸೋವಿಯತ್ ಸರಣಿ ಕೊಲೆಗಾರ ಆಂದ್ರೆಯಿ ಚಿಕತಿಲೊನದು. ಕಾದಂಬರಿ ಅದನ್ನು ಸ್ಟಾಲಿನ್ ಕಾಲಕ್ಕೆ ಒಯ್ದಿದೆ, ನಿಜದಲ್ಲಿ ಅವನು 1978ರಿಂದ 1990ರವರೆಗೆ ಕೊಂದವನು. 1984ರಲ್ಲಿ ಸಿಕ್ಕಿಬಿದ್ದಿದ್ದ, ರಕ್ತದ ಗುಂಪು ತಾಳೆಯಾಗಲಿಲ್ಲವೆಂದು ಬಿಟ್ಟುಬಿಟ್ಟರು. ಅವನು ಮಾಡಿದ ಮೊದಲ ಕೊಲೆಗೆ ಬೇರೊಬ್ಬನಿಗೆ 1983ರಲ್ಲೇ ಮರಣದಂಡನೆಯಾಗಿತ್ತು. ಇದನ್ನು ನೇರವಾಗಿ ನೋಡಬೇಕೆಂದರೆ 1995ರ ‘ಸಿಟಿಜನ್ ಎಕ್ಸ್’ ಚಿತ್ರ ಸಾಕು. ‘ಚೈಲ್ಡ್ 44’ ಚಿತ್ರವನ್ನು ಅರ್ಧಕ್ಕೇ ನಿಲ್ಲಿಸಿದೆ.

‘ಗೋರ್ಕಿ ಪಾರ್ಕ್’ 1981ರದು. ಹಿಮದಡಿ ಮೂರು ಹೆಣ, ಮುಖವಿಲ್ಲ, ಬೆರಳ ತುದಿಗಳಿಲ್ಲ. ತನಿಖೆಗೆ ಬರುವವನು ಅರ್ಕಾದಿ ವಸೀಲಿಯೆವಿಚ್ ರೆಂಕೊ. ರಷ್ಯನ್ ಹೆಸರುಗಳು ಗೋಜಲೆಂದು ಹಲವರು ದೂರುತ್ತಾರೆ. ಮುಂಬೈಯಲ್ಲಿ ಮೂವತ್ತು ವರ್ಷ ಅರ್ಜಿ ತುಂಬಿದವರಿಗೆ ಹೆಸರಿನ ನಡುವೆ ಅಪ್ಪನ ಹೆಸರು ಬಂದರೆ ಏನು ಗೋಜಲು? ಮಾಸ್ಕೋದಲ್ಲಿರುವಷ್ಟು ಹೊತ್ತು ಪುಸ್ತಕ ಅದ್ಭುತ. ಕಥೆ ನ್ಯೂಯಾರ್ಕಿಗೆ ಹೋದ ಮೇಲೆ ನನ್ನ ಆಸಕ್ತಿ ದಾದರ್ ನಿಲ್ದಾಣದಲ್ಲೇ ಇಳಿದುಹೋಯಿತು.

ನನ್ನದು ‘ಪೋಲಾರ್ ಸ್ಟಾರ್’. ಬಂದದ್ದು 1989ರಲ್ಲಿ. ರೆಂಕೊ ಇಲ್ಲಿ ಬೀಳುವುದಿಲ್ಲ, ಆಗಲೇ ಬಿದ್ದಾಗಿದೆ. ಕಮ್ಯುನಿಸ್ಟ್ ಪಕ್ಷದಿಂದ ಹೊರಹಾಕಿಸಿಕೊಂಡು, ಬೇರಿಂಗ್ ಸಮುದ್ರದ ಸೋವಿಯತ್ ಮೀನು ಕಾರ್ಖಾನೆ ಹಡಗಿನ ತಳದಲ್ಲಿ ಮೀನು ಸೀಳಿ ಕರುಳು ತೆಗೆಯುತ್ತ ನಿಂತಿದ್ದಾನೆ. ಅಮೆರಿಕನ್ ದೋಣಿಗಳು ಹಿಡಿದುಕೊಡುತ್ತವೆ, ಸೋವಿಯತ್ ಹಡಗು ಹಸನು ಮಾಡುತ್ತದೆ. ಒಂದು ದಿನ ಬಲೆಯಲ್ಲಿ ಮೀನಿನ ಜೊತೆ ಅಡುಗೆಮನೆಯ ಕೆಲಸದ ಹೆಣ್ಣಿನ ಹೆಣ ಬರುತ್ತದೆ. ಹಡಗಿನಲ್ಲಿ ತನಿಖೆ ಗೊತ್ತಿರುವವನು ಇವನೊಬ್ಬನೇ. ಆತ್ಮಹತ್ಯೆಯೆಂದು ಬರೆದುಕೊಟ್ಟರೆ ಎಲ್ಲರೂ ಅಲಾಸ್ಕಾದ ಬಂದರು ಡಚ್ ಹಾರ್ಬರಿನಲ್ಲಿ ಇಳಿದು ಸಾಮಾನು ಕೊಳ್ಳಬಹುದು. ಹಾಗೆ ಬರೆಯದಿದ್ದರೆ ಇಡೀ ಹಡಗಿಗೆ ಇವನೇ ಶತ್ರು. ಸರ್ಕಾರದ ಭಯಕ್ಕಿಂತ ಸಹೋದ್ಯೋಗಿಗಳ ಮುನಿಸು ಹೆಚ್ಚು ಕಾಡುತ್ತದೆಂಬುದನ್ನು ಇಷ್ಟು ಸರಿಯಾಗಿ ಹೇಳಿದ್ದನ್ನು ನಾನು ಬೇರೆಲ್ಲೂ ಓದಿಲ್ಲ. ಒಮ್ಮೆ ಒಂದು ಲೆಕ್ಕಕ್ಕೆ ಸಹಿ ಹಾಕದೆ ಎರಡು ವರ್ಷ ಮೂಲೆಯ ಮೇಜಿನಲ್ಲಿ ಕುಳಿತವನು ನಾನು. ಊಟದ ಡಬ್ಬಿ ತೆರೆದಾಗ ಪಕ್ಕದ ಕುರ್ಚಿ ಖಾಲಿಯಾಗುತ್ತಿತ್ತು.

ಕೊರತೆಯಿಲ್ಲವೆಂದಲ್ಲ. ಬಿಗಿ ಸಡಿಲಿಸಿದ ಗೊರ್ಬಚೆವ್ ಕಾಲದ ಕಥೆಯಾದ್ದರಿಂದ ನಡುರಾತ್ರಿ ಬಾಗಿಲು ಬಡಿಯುವ ಭಯ ಇದರಲ್ಲಿ ತೆಳು. ಆ ಭಯವೇ ಬೇಕಾದವರು ‘ಚೈಲ್ಡ್ 44’ ತೆಗೆದುಕೊಳ್ಳಲಿ, ಮನೆಯಲ್ಲಿ ಓದಲಿ, ಹಳೆಯ ಪ್ರತಿಯನ್ನೇ ಕೊಳ್ಳಲಿ. ‘ಗೋರ್ಕಿ ಪಾರ್ಕ್’ ಓದದೆಯೂ ‘ಪೋಲಾರ್ ಸ್ಟಾರ್’ ಅರ್ಥವಾಗುತ್ತದೆ. ನನ್ನ ಪ್ರತಿಯ ಬೆನ್ನು ಬಿಟ್ಟಿದೆ. ಅಂಟು ಹಚ್ಚಿಕೊಂಡು ಓದುತ್ತೇನೆ.

ಮಲ್ಪೆಯಲ್ಲಿ ಟ್ರಾಲ್ ಬೋಟಿಗೆ ಹೋಗುವ ಅಣ್ಣನಿಗೆ ಫೋನಿನಲ್ಲಿ ಕಥೆ ಹೇಳಿದೆ. ಬಲೆಯಲ್ಲಿ ಹೆಣ ಬಂತು ಎಂದೊಡನೆ ಅವನು ತಡೆದು ಕೇಳಿದ: "ಹಾಗಾದರೆ ಆ ಎಳೆತದ ಮೀನನ್ನು ಏನು ಮಾಡಿದರು?" ಕೊಲೆಗಾರ ಯಾರೆಂದು ಅವನು ಇಂದಿಗೂ ಕೇಳಿಲ್ಲ.