ವರ್ಷಗಟ್ಟಲೆ ಓದಿದ ಒಂದು ಮಳೆ ಪುಸ್ತಕ

ಮಕ್ಕಳ ಪುಸ್ತಕಕ್ಕೆ ಕೊಂಡ ವಾರದಲ್ಲೇ ವಿಮರ್ಶೆ ಬರೆದರೆ ಚಿತ್ರ ಚೆನ್ನಾಗಿದೆ, ಕಾಗದ ದಪ್ಪ ಇದೆ ಅಂತ ಬರೆಯಬಹುದು, ಅಷ್ಟೆ. ಪದ್ಯ ಹೇಗಿದೆ ಅಂತ ಗೊತ್ತಾಗುವುದು ಅದನ್ನೇ ಓದಿ ಓದಿ ಬಾಯಿ ಸೋತ ಮೇಲೆ. ಇದನ್ನು ಕೊಂಡಾಗ ನನ್ನ ಮಗಳು ಇನ್ನೂ ತೊದಲು ಮಾತಾಡುತ್ತಿದ್ದಳು. ಈಗ ಅವಳೇ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ ಹೇಳುತ್ತಾಳೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ವಿಷಯ ಸರಳ. ಮಳೆ ಶುರುವಾಗುತ್ತದೆ. ಒಬ್ಬ ಹುಡುಗಿ ಕಿಟಕಿಯ ಹತ್ತಿರ ನಿಂತು, ಒಂದೊಂದೇ ಪ್ರಾಣಿಯನ್ನು ನೆನೆಸಿಕೊಂಡು, ಅದು ಈಗ ಎಲ್ಲಿ ನಿಂತಿರಬಹುದು ಅಂತ ಯೋಚಿಸುತ್ತಾಳೆ. ಒಟ್ಟು 32 ಪುಟ. ಚಿತ್ರಪುಸ್ತಕಗಳು ಬಹುಪಾಲು ಇಷ್ಟೇ ಇರುತ್ತವೆ. ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿ ಮಡಚಿ ಕತ್ತರಿಸುವುದರಿಂದ ಪುಟಗಳು 8, 16ರ ಲೆಕ್ಕದಲ್ಲೇ ಬರುತ್ತವೆ. ಅಷ್ಟು ಜಾಗದಲ್ಲಿ ಕವಿ ಹೇಳುವುದನ್ನೆಲ್ಲ ಹೇಳಿ ಮುಗಿಸಬೇಕು.

ಪ್ರತಿ ಪದ್ಯದ ಕೊನೆಗೆ ಒಂದೇ ಸಾಲು ಬರುತ್ತದೆ: 'ಯಾರಿಗೆ ಎಲ್ಲಿದೆ ಸೂರು?' ಮೊದಮೊದಲು ಇದರಲ್ಲಿ ಏನು ವಿಶೇಷ ಅನ್ನಿಸಿತ್ತು. ಓದುತ್ತಾ ಹೋದಂತೆ ಗೊತ್ತಾಯಿತು. ಮಾತ್ರೆ ಲೆಕ್ಕ ಹಾಕಿ ನೋಡಿ. 'ಯಾರಿಗೆ' ನಾಲ್ಕು, 'ಎಲ್ಲಿದೆ' ನಾಲ್ಕು, 'ಸೂರು' ಮೂರೇ. ಕೊನೆಗೆ ಒಂದು ಮಾತ್ರೆ ಖಾಲಿ ಉಳಿಯುತ್ತದೆ. ಕೈ ಪುಟ ತಿರುಗಿಸುವುದು ಸರಿಯಾಗಿ ಆ ಖಾಲಿ ಜಾಗದಲ್ಲಿ! ನಾನು ಬೇಕಂತಲೇ ನಿಲ್ಲಿಸಬೇಕಾಗಿಲ್ಲ, ಪದ್ಯವೇ ನಿಲ್ಲಿಸುತ್ತದೆ. ಮಗು ಬಗ್ಗಿ ನೋಡುತ್ತದೆ, ಪುಟ ತಿರುಗುತ್ತದೆ, ಮುಂದಿನ ಪ್ರಾಣಿ ಬರುತ್ತದೆ. ಮಗಳಿಗೆ ಅಕ್ಷರ ಬರುವ ಮುಂಚೆಯೇ ಎಲ್ಲಿ ಪುಟ ತಿರುಗಿಸಬೇಕು ಅಂತ ಕಿವಿಗೆ ಗೊತ್ತಿತ್ತು.

ಒಂದು ಕಡೆ ಮಾತ್ರ ಈ ಲಯ ಎಡವುತ್ತದೆ. ಬಾವಲಿಯ ಪದ್ಯದಲ್ಲಿ ಹೇಳುವ ವಿಷಯ ಜಾಸ್ತಿಯಾಗಿ ಮೂರನೇ ಸಾಲು ಉದ್ದವಾಗಿದೆ. ಎಷ್ಟು ಸಲ ಓದಿದರೂ ಅಲ್ಲಿ ಉಸಿರು ಸಾಲದು. ಮಗಳು ಒಂದು ಪದ ನುಂಗಿ ಸರಿ ಮಾಡಿಕೊಂಡಿದ್ದಾಳೆ. ಅವಳು ಮಾಡಿದ್ದೇ ಚೆನ್ನಾಗಿದೆ ಅನ್ನಿಸುತ್ತದೆ ನನಗೆ.

ಪ್ರಾಣಿಗಳ ಆಯ್ಕೆ ಈ ಪುಸ್ತಕದ ದೊಡ್ಡ ಬಲ. ಮಳೆ ಅಂದ ತಕ್ಷಣ ಎಲ್ಲವೂ ಹೆದರಿ ಓಡಿ ಬಚ್ಚಿಟ್ಟುಕೊಳ್ಳುವ ಪದ್ಯಗಳನ್ನು ಬೇಕಾದಷ್ಟು ನೋಡಿದ್ದೇವೆ, ಅಲ್ವಾ? ಇಲ್ಲಿ ಹಾಗಿಲ್ಲ. ಚಿಟ್ಟೆ ರೆಕ್ಕೆ ಮುಚ್ಚಿಕೊಂಡು ಎಲೆಯ ಅಡಿ ತೂಗಾಡುತ್ತದೆ. ಗೀಜಗದ ಗೂಡಿನ ಬಾಗಿಲು ಕೆಳಮುಖ, ನೀರು ಒಳಗೆ ಹೋಗುವುದೇ ಇಲ್ಲ. ಒರಾಂಗುಟಾನ್ ದೊಡ್ಡ ಎಲೆಯೊಂದನ್ನು ಕಿತ್ತು ತಲೆ ಮೇಲೆ ಹಿಡಿದು ಕೂತಿದೆ. ಕಾಡಿನ ಒರಾಂಗುಟಾನ್‌ಗಳು ನಿಜಕ್ಕೂ ಹೀಗೆ ಮಾಡುತ್ತವೆ. ಆ ಬಾವಲಿಯೂ ನಿಜದ್ದೇ. ಕೆಲವು ಜಾತಿಯ ಪುಟ್ಟ ಬಾವಲಿಗಳು ದೊಡ್ಡ ಎಲೆಯ ನರಗಳನ್ನು ಕಚ್ಚಿ ಕಚ್ಚಿ ಸಡಿಲ ಮಾಡುತ್ತವೆ, ಎಲೆ ಎರಡೂ ಕಡೆ ಮಡಚಿ ಕೆಳಗೆ ಬೀಳುತ್ತದೆ. ಅದರ ಅಡಿ ಎಲ್ಲವೂ ಒತ್ತಿಕೊಂಡು ನೇತಾಡುತ್ತವೆ.

ನನಗೆ ಜಾಸ್ತಿ ಇಷ್ಟವಾದದ್ದು ಬಸವನಹುಳುವಿನ ಪುಟ. ಮಳೆ ಬಂದರೆ ಬಸವನಹುಳು ಚಿಪ್ಪಿನೊಳಗೆ ಹೋಗುತ್ತದೆ ಅಂತ ಬರೆಯುವುದು ಸುಲಭವಿತ್ತು. ನಿಜಕ್ಕೆ ಅದು ಒಣ ಹವೆಗೆ ಹೆದರಿ ಚಿಪ್ಪಿನ ಬಾಯಿ ಮುಚ್ಚಿಕೊಂಡು ಕೂರುವ ಜೀವಿ. ಮಳೆ ಬಂದರೆ ಹೊರಗೆ ಬರುತ್ತದೆ. ಪುಸ್ತಕದಲ್ಲೂ ಹಾಗೇ ಇದೆ. ಎಲ್ಲರೂ ಒಳಗೆ ಹೋಗುವಾಗ ಇದೊಂದು ಕೊಂಬು ಚಾಚಿ ನಿಧಾನಕ್ಕೆ ಹೊರಗೆ ಬರುತ್ತಿದೆ. ಪಕ್ಕದ ಕಪ್ಪೆಗಂತೂ ಸೂರೇ ಬೇಡ. ಚರ್ಮದಿಂದಲೂ ಉಸಿರಾಡುವ ಪ್ರಾಣಿ, ಮೈ ಒದ್ದೆ ಇದ್ದರೇ ಅದಕ್ಕೆ ಸುಖ. ಸೂರು ಅಂದರೆ ಎಲ್ಲರಿಗೂ ಒಂದೇ ಅಲ್ಲ ಅನ್ನುವುದು ಮಗುವಿಗೆ ಯಾರೂ ಹೇಳದೆ ತಲುಪುತ್ತದೆ.

ಚಿತ್ರಗಳು ಜಲವರ್ಣದವು, ಬಣ್ಣ ತಣ್ಣಗಿದೆ. ಪದ್ಯ ಹೇಳಿದ್ದನ್ನೇ ಚಿತ್ರ ಮತ್ತೆ ಹೇಳುವುದಿಲ್ಲ. ಇದು ನನಗೆ ತಡವಾಗಿ ಗೊತ್ತಾಯಿತು, ತೋರಿಸಿದ್ದು ಮಗಳು. ಹುಡುಗಿ ನಿಂತ ಕಿಟಕಿಯಾಚೆ, ತೀರಾ ದೂರದಲ್ಲಿ, ಒಂದು ನೀಲಿ ಚುಕ್ಕೆ ಇದೆ. ಪ್ರತಿ ಸಲ ಕಿಟಕಿ ಬಂದಾಗಲೂ ಅದು ಸ್ವಲ್ಪ ಸ್ವಲ್ಪ ದೊಡ್ಡದಾಗುತ್ತದೆ. ಕೊನೆಯ ಹೊತ್ತಿಗೆ ಅದು ಟಾರ್ಪಾಲು ಅಂತ ಕಾಣುತ್ತದೆ. ನಾಲ್ಕು ಕೋಲಿಗೆ ಕಟ್ಟಿದೆ, ನಡುವೆ ನೀರು ತುಂಬಿ ಜೋತುಬಿದ್ದಿದೆ. ಕೆಳಗಿನಿಂದ ಒಬ್ಬಾಕೆ ಕೋಲು ಒತ್ತಿ ಆ ನೀರನ್ನು ಪಕ್ಕಕ್ಕೆ ಚೆಲ್ಲುತ್ತಿದ್ದಾಳೆ. ಪಕ್ಕದಲ್ಲಿ ಇಬ್ಬರು ಮಕ್ಕಳು. ಪದ್ಯದಲ್ಲಿ ಇವರ ಬಗ್ಗೆ ಒಂದಕ್ಷರವೂ ಇಲ್ಲ. 'ಇವರ ಪದ್ಯ ಯಾಕಿಲ್ಲ ಅಮ್ಮಾ?' ಅಂತ ಮಗಳು ಕೇಳಿದಳು. ಅದರ ಮೇಲೆ ತುಂಬ ಹೊತ್ತು ಮಾತಾಡಿದೆವು.

ಹೀಗಿರುವಾಗ ಕೊನೆಯ ಪುಟದಲ್ಲಿ 'ಪೋಷಕರಿಗೆ ಸೂಚನೆ' ಅಂತ ಒಂದು ಪ್ರಶ್ನೆಪಟ್ಟಿ ಯಾಕೆ ಹಾಕಿದರೋ! ಈ ಪದ್ಯದಿಂದ ಏನು ಕಲಿತಿರಿ, ಸೂರಿಲ್ಲದವರಿಗೆ ನೀವು ಏನು ಮಾಡುತ್ತೀರಿ, ಇಂಥವೇ. ಚಿತ್ರಕಾರರು ಅಷ್ಟು ಜಾಣತನದಿಂದ ದೂರದಲ್ಲಿ ಇಟ್ಟದ್ದನ್ನು ಪರೀಕ್ಷೆಯ ಪ್ರಶ್ನೆ ಮಾಡಿಬಿಟ್ಟಿದ್ದಾರೆ. ನಾವು ಆ ಪುಟ ಓದುವುದೇ ಇಲ್ಲ.

ಪದ್ಯ ನಿಲ್ಲುವುದು ಇದಕ್ಕೂ ಮುಂಚೆ. ಹುಡುಗಿಯ ಕೊನೆಯ ಪ್ರಶ್ನೆ ಮಳೆಯ ಬಗ್ಗೆಯೇ: ಇಷ್ಟೆಲ್ಲ ಮಳೆ ಎಲ್ಲಿ ಹೋಗಿ ನಿಲ್ಲುತ್ತದೆ, ಅದಕ್ಕೆ ಸೂರು ಎಲ್ಲಿದೆ? ಉತ್ತರ ಕೊಟ್ಟಿಲ್ಲ. ಚಿತ್ರದಲ್ಲಿ ನೆಲವನ್ನು ಅಡ್ಡ ಕತ್ತರಿಸಿ ತೋರಿಸಿದ್ದಾರೆ: ಬೇರು, ಎರೆಹುಳುವಿನ ದಾರಿ, ಇನ್ನೂ ಕೆಳಗೆ ನೀರು. ಮಗಳು ಚಿಕ್ಕವಳಿದ್ದಾಗ 'ಮೋಡ' ಅನ್ನುತ್ತಿದ್ದಳು, ಆಮೇಲೆ 'ಸಮುದ್ರ' ಆಯಿತು. ತಮ್ಮ ಮಾತ್ರ 'ಚರಂಡಿ' ಅಂತ ಜೋರಾಗಿ ಕೂಗುತ್ತಾನೆ. ತಪ್ಪು ಅನ್ನುವ ಹಾಗೂ ಇಲ್ಲ.

ಸಣ್ಣ ತಕರಾರು ಇನ್ನೊಂದಿದೆ. ಹನಿಗಳನ್ನೆಲ್ಲ ಮೇಲೆ ಚೂಪು, ಕೆಳಗೆ ಗುಂಡಗೆ ಬರೆದಿದ್ದಾರೆ. ಬೀಳುವ ಹನಿ ಹಾಗಿರುವುದಿಲ್ಲ. ಸಣ್ಣದು ಗುಂಡಗಿರುತ್ತದೆ, ದೊಡ್ಡದಾದರೆ ಗಾಳಿ ಒತ್ತಿ ಅಡಿ ಚಪ್ಪಟೆಯಾಗುತ್ತದೆ. ಬಸವನಹುಳುವಿಗೆ ಅಷ್ಟು ಕಾಳಜಿ ತೋರಿಸಿದವರು ಇಲ್ಲಿ ಸುಮ್ನೆ ರೂಢಿಯಂತೆ ಬರೆದುಬಿಟ್ಟರು.

ಬಾಳಿಕೆಯ ವಿಷಯಕ್ಕೆ ಬಂದರೆ, ನನ್ನದು ತೆಳು ರಟ್ಟಿನ ಪ್ರತಿ, ನಡುವೆ ಎರಡು ಪಿನ್ ಹೊಡೆದದ್ದು. ಇಂಥ ಪುಸ್ತಕದಲ್ಲಿ ಮೊದಲು ಕಿತ್ತು ಬರುವುದು ನಟ್ಟನಡುವಿನ ಹಾಳೆ, ಇಲ್ಲೂ ಹಾಗೇ ಆಯಿತು. ಒರಾಂಗುಟಾನ್ ಕೈಗೆ ಬಂತು. ದಪ್ಪ ದಾರದಿಂದ ಮಡಿಕೆಯಲ್ಲಿ ಹೊಲಿದೆ, ಇವತ್ತಿಗೂ ಗಟ್ಟಿಯಾಗಿದೆ. ಟೇಪ್ ಮಾತ್ರ ಹಾಕಬೇಡಿ, ಹಳದಿಯಾಗಿ ಅಕ್ಷರ ಮುಚ್ಚುತ್ತದೆ. ಹೊದಿಕೆಯ ಪ್ಲಾಸ್ಟಿಕ್ ಪದರ ಮೂಲೆಗಳಲ್ಲಿ ಎದ್ದಿದೆ, ಚಿಕ್ಕವನು ಅದನ್ನು ಸುಲಿಯುವ ಕೆಲಸ ಮುಂದುವರಿಸಿದ್ದಾನೆ.

ಕಾಗದ ಬಾಯಿಗೆ ಹಾಕುವ ವಯಸ್ಸಿನ ಮಗುವಿಗೆ ಇದು ಬೇಡ, ದಪ್ಪ ರಟ್ಟಿನ ಪುಟಗಳ ಬೇರೆ ಪುಸ್ತಕ ನೋಡಿ. ಎರಡು ವರ್ಷ ದಾಟಿದ್ದರೆ ಧೈರ್ಯವಾಗಿ ಕೊಳ್ಳಿ. ಉಡುಗೊರೆಗಾದರೆ ಗಟ್ಟಿ ಹೊದಿಕೆಯ ಪ್ರತಿ ಸಿಗುತ್ತದಾ ವಿಚಾರಿಸಿ. ನಾನು ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದೇನೆ, ಅದು ಪೂರ್ತಿ ಆ ಪ್ರಶ್ನೆಪಟ್ಟಿಯ ಲೆಕ್ಕಕ್ಕೆ.